ಕೊನೆಯ ದೃಶ್ಯದಲ್ಲಿ ಅವಳು ಬದುಕಿರುತ್ತಾಳಾ?

1952ರಲ್ಲಿ ಅಮೆರಿಕದಲ್ಲಿ ‘ಸ್ಪ್ರಿಂಗ್ ಫೈರ್’ ಎಂಬ ಅಗ್ಗದ ಪೇಪರ್‌ಬ್ಯಾಕ್ ಕಾದಂಬರಿ ಹೊರಬಂತು. ಕಾಲೇಜು ಹುಡುಗಿಯರ ವಸತಿಗೃಹದಲ್ಲಿ ಇಬ್ಬರ ನಡುವೆ ಹುಟ್ಟುವ ಪ್ರೀತಿ ಅದರ ಕಥೆ. ಬರೆದವರು ಮಾರಿಜೇನ್ ಮೀಕರ್. ಮುಖಪುಟದಲ್ಲಿ ಮಾತ್ರ ವಿನ್ ಪ್ಯಾಕರ್ ಎಂಬ ಗುಪ್ತನಾಮ. ಸಂಪಾದಕರಿಗೆ ಕಥೆ ಹಿಡಿಸಿತ್ತು. ಆದರೆ ಒಂದು ಶರತ್ತು ಹಾಕಿದ್ದರು: ಕೊನೆ ಸುಖವಾಗಿ ಇರಕೂಡದು.

ಈ ಶರತ್ತಿಗೆ ಕಾರಣ ಸಾಹಿತ್ಯವಲ್ಲ, ಅಂಚೆ ಇಲಾಖೆ. ಪುಸ್ತಕಗಳು ಅಂಚೆಯಲ್ಲಿ ಊರೂರಿಗೆ ಹೋಗುತ್ತಿದ್ದವು. ಅಶ್ಲೀಲ ಅನ್ನಿಸಿದ್ದನ್ನು ಅಂಚೆಯವರು ಮುಟ್ಟುಗೋಲು ಹಾಕಬಹುದಿತ್ತು. ಇಬ್ಬರು ಹೆಂಗಸರು ಪ್ರೀತಿಸಿ ಸುಖವಾಗಿ ಬಾಳಿದರು ಅಂದರೆ ಲೇಖಕಿ ಅದನ್ನು ಒಪ್ಪಿಕೊಂಡ ಹಾಗೆ. ಒಬ್ಬಳಿಗೆ ಹುಚ್ಚು ಹಿಡಿದು, ಇನ್ನೊಬ್ಬಳಿಗೆ ‘ಬುದ್ಧಿ ಬಂದರೆ’ ಅದು ನೀತಿಪಾಠ. ಹಾಗೇ ಆಯಿತು. ಒಬ್ಬಳು ಮಾನಸಿಕ ಆಸ್ಪತ್ರೆ ಸೇರಿದಳು. ಇನ್ನೊಬ್ಬಳಿಗೆ ತಾನು ಅವಳನ್ನು ನಿಜವಾಗಿ ಪ್ರೀತಿಸಿರಲೇ ಇಲ್ಲ ಎಂದು ಹೊಳೆಯಿತು. ಪುಸ್ತಕ ಅಂಚೆ ದಾಟಿತು, 14 ಲಕ್ಷಕ್ಕೂ ಜಾಸ್ತಿ ಪ್ರತಿ ಖರ್ಚಾಯಿತು.

ಜನಪ್ರಿಯ ಸಂಸ್ಕೃತಿ ಲೆಸ್ಬಿಯನ್ನರನ್ನು ಹೇಗೆ ತೋರಿಸಿದೆ ಎಂದು ತಿಳಿಯಬೇಕಾದರೆ ನನ್ನ ಪ್ರಕಾರ ಕಥೆಯ ಆರಂಭಕ್ಕಿಂತ ಕೊನೆಯನ್ನೇ ನೋಡಬೇಕು. ಕೊನೆಯಲ್ಲಿ ಯಾರು ಉಳಿದರು, ಯಾರು ಸತ್ತರು, ಯಾರು ಗಂಡನ ಮನೆಗೆ ವಾಪಸ್ ಹೋದರು? ಅದನ್ನು ತೀರ್ಮಾನ ಮಾಡಿದ್ದು ಬರೆದವರೋ, ಬೇರೆ ಯಾರೋ?

ಪದಗಳ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ‘ಲೆಸ್ಬಿಯನ್’ ಪದ ಬಂದಿದ್ದು ಗ್ರೀಸಿನ ಲೆಸ್ಬೋಸ್ ದ್ವೀಪದಿಂದ. ಸುಮಾರು 2600 ವರ್ಷದ ಹಿಂದೆ ಅಲ್ಲಿದ್ದ ಕವಯಿತ್ರಿ ಸ್ಯಾಫೋ ಹೆಂಗಸರ ಮೇಲಿನ ಒಲವನ್ನು ಹಾಡಾಗಿ ಕಟ್ಟಿದಳು. ಅವಳ ಬರವಣಿಗೆಯಲ್ಲಿ ನಮಗೆ ಸಿಕ್ಕಿರುವುದು ಬಹುಪಾಲು ಚೂರುಗಳೇ. ಕನ್ನಡದಲ್ಲಿ ‘ಸಲಿಂಗಕಾಮ’ ಅನ್ನುವ ಪದ ಹೆಚ್ಚು ಓಡಾಡುತ್ತದೆ. ಅದರಲ್ಲಿ ಕಾಮ ಮಾತ್ರ ಇದೆ, ಪ್ರೀತಿ ಇಲ್ಲ. ಗಂಡು ಹೆಣ್ಣು ಪ್ರೀತಿಸಿದರೆ ಅದನ್ನು ನಾವು ‘ಭಿನ್ನಲಿಂಗಕಾಮ’ ಅಂತ ಕರೆಯುವುದಿಲ್ಲ, ಸುಮ್ನೆ ಪ್ರೀತಿ ಅಂತೀವಿ. ಅದಕ್ಕೇ ಈಗ ಹಲವರು ‘ಸಲಿಂಗಪ್ರೇಮ’ ಎನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ.

ರಕ್ತ ಕುಡಿಯುವವಳು

ಇಂಗ್ಲಿಷ್ ಜನಪ್ರಿಯ ಕಥೆಗಳಲ್ಲಿ ಈ ಪ್ರೀತಿ ಮೊದಮೊದಲು ಕಾಣಿಸಿಕೊಂಡಿದ್ದು ದೆವ್ವದ ವೇಷದಲ್ಲಿ. ಐರ್ಲೆಂಡಿನ ಶೆರಿಡನ್ ಲೆ ಫಾನು ಬರೆದ ‘ಕಾರ್ಮಿಲಾ’ 1872ರ ಹೊತ್ತಿಗೆ ಬಂತು. ಎಲ್ಲರಿಗೂ ಗೊತ್ತಿರುವ ಡ್ರಾಕುಲಾ ಹುಟ್ಟಿದ್ದು 1897ರಲ್ಲಿ. ಅಂದರೆ ಈ ಹೆಣ್ಣು ರಕ್ತಪಿಶಾಚಿ ಡ್ರಾಕುಲಾನಿಗೆ ಅಕ್ಕ! ಒಂಟಿ ಹುಡುಗಿಯೊಬ್ಬಳ ಮನೆಗೆ ಚೆಲುವೆಯೊಬ್ಬಳು ಅತಿಥಿಯಾಗಿ ಬರುತ್ತಾಳೆ. ಕೈ ಹಿಡಿಯುತ್ತಾಳೆ, ಮುದ್ದಿಸುತ್ತಾಳೆ, ನೀನು ನನ್ನವಳು ಅನ್ನುತ್ತಾಳೆ. ರಾತ್ರಿ ರಕ್ತ ಹೀರುತ್ತಾಳೆ. ಕೊನೆಗೆ ಗಂಡಸರು ಸೇರಿ ಅವಳ ಎದೆಗೆ ಗೂಟ ಹೊಡೆದು ತಲೆ ಕಡಿಯುತ್ತಾರೆ.

ಈ ಅಚ್ಚು ಎಷ್ಟು ಗಟ್ಟಿಯಾಯಿತು ಅಂದರೆ 1936ರಲ್ಲಿ ಹಾಲಿವುಡ್ ‘ಡ್ರಾಕುಲಾಸ್ ಡಾಟರ್’ ಮಾಡಿತು, 1970ರಲ್ಲಿ ಇಂಗ್ಲೆಂಡಿನ ಹ್ಯಾಮರ್ ಕಂಪನಿ ಕಾರ್ಮಿಲಾಳನ್ನೇ ಮತ್ತೆ ತೆರೆಗೆ ತಂದಿತು. ದೆವ್ವದ ಕಥೆಯಲ್ಲಿ ಒಂದು ಅನುಕೂಲ ಇದೆ. ಹೇಳಬಾರದ್ದನ್ನೆಲ್ಲ ಹೇಳಬಹುದು, ಕೊನೆಗೆ ಗೂಟ ಇದ್ದೇ ಇದೆಯಲ್ಲ.

ದೆವ್ವದ ಹಂಗಿಲ್ಲದೆ ನೇರವಾಗಿ ಬರೆದವರ ಪಾಡೇನಾಯಿತು? ಇಂಗ್ಲೆಂಡಿನ ರ‍್ಯಾಡ್‌ಕ್ಲಿಫ್ ಹಾಲ್ 1928ರಲ್ಲಿ ‘ದಿ ವೆಲ್ ಆಫ್ ಲೋನ್ಲಿನೆಸ್’ ಪ್ರಕಟಿಸಿದರು. ಅದರಲ್ಲಿ ಅಶ್ಲೀಲ ಅನ್ನುವಂಥದ್ದು ಹುಡುಕಿದರೂ ಸಿಗುವುದಿಲ್ಲ. ಪ್ರೇಮದ ರಾತ್ರಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಕೊನೆಯೂ ದುಃಖದ್ದೇ. ನಾಯಕಿ ತನ್ನ ಗೆಳತಿಯನ್ನು ಒಬ್ಬ ಗಂಡಸಿಗೆ ಬಿಟ್ಟುಕೊಡುತ್ತಾಳೆ. ಆದರೂ ಅದೇ ವರ್ಷ ಲಂಡನ್ನಿನ ಮ್ಯಾಜಿಸ್ಟ್ರೇಟ್ ಪ್ರತಿಗಳನ್ನು ನಾಶ ಮಾಡಲು ಆದೇಶಿಸಿದರು. ಅವರ ತಕರಾರು ಇಷ್ಟು: ಇಂಥವರು ತಪ್ಪಿತಸ್ಥರು ಎಂದು ಸೂಚಿಸುವ ಒಂದು ಮಾತೂ ಪುಸ್ತಕದಲ್ಲಿ ಇಲ್ಲ. ಅಳು ಇದ್ದರೆ ಸಾಲದು, ಪಶ್ಚಾತ್ತಾಪವೂ ಬೇಕಿತ್ತು. ಇಂಗ್ಲೆಂಡಿನಲ್ಲಿ ಆ ಪುಸ್ತಕ ಮತ್ತೆ ಅಚ್ಚಾಗಲು 1949ರವರೆಗೆ ಕಾಯಬೇಕಾಯಿತು.

ಸರಿಸುಮಾರು ಅದೇ ಕಾಲದಲ್ಲಿ ಜರ್ಮನಿಯಲ್ಲಿ ಬೇರೆಯದೇ ಒಂದು ಪ್ರಯೋಗ ನಡೆಯಿತು. 1931ರ ‘ಮೇಡ್‌ಶೆನ್ ಇನ್ ಯೂನಿಫಾರ್ಮ್’ ಚಿತ್ರದ ತಾರಾಗಣದಲ್ಲಿ ಎಲ್ಲರೂ ಹೆಂಗಸರೇ. ನಿರ್ದೇಶಕಿ ಲಿಯೊಂಟಿನ್ ಸಗಾನ್. ಕಟ್ಟುನಿಟ್ಟಿನ ವಸತಿ ಶಾಲೆಯ ಒಬ್ಬ ಹುಡುಗಿ ತನ್ನ ಟೀಚರನ್ನು ಪ್ರೀತಿಸುತ್ತಾಳೆ, ಎಲ್ಲರೆದುರು ಹೇಳಿಯೂ ಬಿಡುತ್ತಾಳೆ. ಕ್ರಿಸ್ಟಾ ವಿನ್ಸ್ಲೋ ಬರೆದ ಮೂಲ ನಾಟಕದಲ್ಲಿ ಹುಡುಗಿ ಸಾಯುತ್ತಾಳೆ. ಸಿನಿಮಾದಲ್ಲಿ ಮೆಟ್ಟಿಲಿನ ತುದಿಯಿಂದ ಹಾರಲು ಹೊರಟವಳನ್ನು ಸಹಪಾಠಿಗಳು ಓಡಿಬಂದು ಹಿಡಿದುಕೊಳ್ಳುತ್ತಾರೆ. ಗಮನಿಸಿ, ಬದುಕಿಸಿದ್ದು ಅವಳ ವಯಸ್ಸಿನ ಬೇರೆ ಹುಡುಗಿಯರು. ನಾಜಿಗಳು ಬಂದ ಮೇಲೆ ಚಿತ್ರಕ್ಕೆ ನಿಷೇಧ ಬಿತ್ತು.

ಹೇಳದೆ ಹೇಳುವ ಕಲೆ

ಹಾಲಿವುಡ್‌ನಲ್ಲಿ 1930ರಲ್ಲಿ ಹೇಸ್ ಕೋಡ್ ಎಂಬ ನಿಯಮಾವಳಿ ಬಂತು. 1934ರಿಂದ ಬಿಗಿಯಾಗಿ ಜಾರಿಯಾಯಿತು. ‘ಲೈಂಗಿಕ ವಿಕೃತಿ’ಯನ್ನಾಗಲಿ, ಅದರ ಸುಳಿವನ್ನಾಗಲಿ ತೋರಿಸಕೂಡದು ಎಂದು ಅದು ಹೇಳಿತು. ಸಲಿಂಗಪ್ರೇಮ ಆ ಪದದೊಳಗೆ ಸೇರಿತ್ತು. ಹೀಗೆ ಬಿಗಿಯಾಗುವ ನಾಲ್ಕು ವರ್ಷ ಮೊದಲು, 1930ರ ‘ಮೊರೊಕ್ಕೊ’ದಲ್ಲಿ ಮಾರ್ಲೀನ್ ಡೀಟ್ರಿಚ್ ಗಂಡಸರ ಸೂಟು ತೊಟ್ಟು, ಪ್ರೇಕ್ಷಕಿಯೊಬ್ಬಳ ತುಟಿಗೆ ಮುತ್ತಿಟ್ಟು, ಟೋಪಿ ಸರಿಮಾಡಿಕೊಂಡು ಹೋಗಿದ್ದರು. ಆ ಬಾಗಿಲು ಮುಚ್ಚಿತು.

ಮುಚ್ಚಿದ್ದರ ಫಲ ಏನೆಂದು ನೋಡಲು ಒಂದೇ ನಾಟಕ ಸಾಕು. ಲಿಲಿಯನ್ ಹೆಲ್ಮನ್ 1934ರಲ್ಲಿ ‘ದಿ ಚಿಲ್ಡ್ರನ್ಸ್ ಅವರ್’ ಬರೆದರು. ಶಾಲೆ ನಡೆಸುವ ಇಬ್ಬರು ಗೆಳತಿಯರ ನಡುವೆ ಸಂಬಂಧವಿದೆ ಎಂದು ಒಬ್ಬ ಹುಡುಗಿ ಸುಳ್ಳು ಹಬ್ಬಿಸುತ್ತಾಳೆ. ವಿಲಿಯಂ ವೈಲರ್ 1936ರಲ್ಲಿ ಅದನ್ನು ಸಿನಿಮಾ ಮಾಡಿದಾಗ ಇಡೀ ಆರೋಪವನ್ನೇ ಬದಲಿಸಿ, ಒಬ್ಬ ಗಂಡಸಿನ ಸುತ್ತ ಇಬ್ಬರು ಹೆಂಗಸರ ತ್ರಿಕೋನ ಪ್ರೇಮ ಮಾಡಿದರು. ಹೆಸರೂ ಬೇರೆ ಇಟ್ಟರು. ನಿಯಮ ಸಡಿಲವಾದ ಹೊತ್ತಿನಲ್ಲಿ, 1961ರಲ್ಲಿ, ಅದೇ ವೈಲರ್ ಅದೇ ನಾಟಕವನ್ನು ಆಡ್ರಿ ಹೆಪ್‌ಬರ್ನ್ ಮತ್ತು ಶರ್ಲಿ ಮ್ಯಾಕ್ಲೇನ್ ಅವರನ್ನಿಟ್ಟುಕೊಂಡು ಮತ್ತೆ ತೆಗೆದರು. ಈ ಸಲ ಸತ್ಯ ಬಾಯಿಗೆ ಬಂತು. ಮ್ಯಾಕ್ಲೇನ್ ಮಾಡಿದ ಮಾರ್ಥಾ ತಾನು ಗೆಳತಿಯನ್ನು ನಿಜಕ್ಕೂ ಪ್ರೀತಿಸುತ್ತೇನೆ ಎಂದು ಅತ್ತು ಒಪ್ಪಿಕೊಳ್ಳುತ್ತಾಳೆ. ಆಮೇಲೆ ನೇಣು ಹಾಕಿಕೊಳ್ಳುತ್ತಾಳೆ. 1936ರಲ್ಲಿ ಅವಳು ಇರಲೇ ಇಲ್ಲ. 1961ರಲ್ಲಿ ಇದ್ದಳು, ಸತ್ತಳು. ಇದನ್ನು ಪ್ರಗತಿ ಅನ್ನಬೇಕೋ ಬೇಡವೋ ನನಗಂತೂ ತಿಳಿಯದು.

ಇವೆರಡರ ನಡುವಿನ ದಾರಿ ಸೂಚನೆಯದ್ದು. ಹಿಚ್‌ಕಾಕ್‌ರ ‘ರೆಬೆಕಾ’ದಲ್ಲಿ (1940) ಮನೆವಾರ್ತೆ ನೋಡುವ ಮಿಸೆಸ್ ಡ್ಯಾನ್ವರ್ಸ್ ಸತ್ತ ಯಜಮಾನಿಯ ಕೋಣೆಯನ್ನು ಗುಡಿಯ ಹಾಗೆ ಕಾಪಾಡುತ್ತಾಳೆ, ಅವಳ ಒಳಉಡುಪನ್ನು ಮುಟ್ಟಿ ಮುಟ್ಟಿ ತೋರಿಸುತ್ತಾಳೆ. ಒಂದು ಮಾತೂ ಆಡಿಲ್ಲ, ಆದರೆ ಎಲ್ಲರಿಗೂ ಅರ್ಥವಾಗಿದೆ. ಸೆನ್ಸಾರ್ ಕಚೇರಿಗೂ ವಾಸನೆ ಬಡಿದಿತ್ತು, ಮೊದಲೇ ಎಚ್ಚರಿಕೆ ಕೊಟ್ಟಿತ್ತು. ಕೊನೆಗೆ ಡ್ಯಾನ್ವರ್ಸ್ ಮನೆಯ ಜೊತೆ ತಾನೂ ಸುಟ್ಟುಹೋಗುತ್ತಾಳೆ.

ನಿಯಮ ಮಾಡಿದ ದೊಡ್ಡ ಹಾನಿ ಅಂದರೆ ಇದು. ಒಳ್ಳೆಯವಳಾಗಿ, ನೆಮ್ಮದಿಯಾಗಿ ಇರುವ ಲೆಸ್ಬಿಯನ್ ಪಾತ್ರ ತೆರೆಗೆ ಬರುವಂತಿರಲಿಲ್ಲ. ಕೆಟ್ಟವಳಾದರೆ, ಹುಚ್ಚಿಯಾದರೆ, ಸಾಯುವುದಾದರೆ ಹೇಗೋ ನುಸುಳಬಹುದಿತ್ತು. ಮೂವತ್ತು ವರ್ಷ ಇದನ್ನೇ ನೋಡಿದ ಪ್ರೇಕ್ಷಕರಿಗೆ, ಕಥೆ ಬರೆಯುವವರಿಗೂ, ಇಂಥ ಕಥೆಗಳು ಇರುವುದೇ ಹೀಗೆ ಅನ್ನಿಸಿಬಿಟ್ಟಿತು. 1968ರಲ್ಲಿ ಕೋಡ್ ಹೋಯಿತು. ಅದು ಬರೆಸಿದ ಕೊನೆ ಹೋಗಲಿಲ್ಲ.

ಪೇಪರ್‌ಬ್ಯಾಕ್‌ಗಳಿಗೆ ವಾಪಸ್ ಬರೋಣ. ‘ಸ್ಪ್ರಿಂಗ್ ಫೈರ್’ ಬಂದ ವರ್ಷವೇ ಪೆಟ್ರೀಷಿಯಾ ಹೈಸ್ಮಿತ್ ‘ದಿ ಪ್ರೈಸ್ ಆಫ್ ಸಾಲ್ಟ್’ ಬರೆದು ಕ್ಲೇರ್ ಮಾರ್ಗನ್ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅವರು 1948ರ ಕ್ರಿಸ್‌ಮಸ್ ಸಮಯದಲ್ಲಿ ನ್ಯೂಯಾರ್ಕಿನ ದೊಡ್ಡ ಅಂಗಡಿಯೊಂದರ ಬೊಂಬೆ ವಿಭಾಗದಲ್ಲಿ ಕೆಲಸಕ್ಕಿದ್ದರು. ಫರ್ ಕೋಟು ತೊಟ್ಟ ಒಬ್ಬ ಹೆಂಗಸು ಬಂದು ಬೊಂಬೆ ಕೊಂಡು ಹೋದಳು. ಅಷ್ಟೇ ನಡೆದದ್ದು. ಆ ಕೆಲವು ನಿಮಿಷದಿಂದ ಕಾದಂಬರಿ ಹುಟ್ಟಿತು. ಇದರಲ್ಲಿ ಯಾರೂ ಸಾಯುವುದಿಲ್ಲ, ಯಾರಿಗೂ ಹುಚ್ಚು ಹಿಡಿಯುವುದಿಲ್ಲ. ಇಬ್ಬರೂ ಮುಂದೆ ಜೊತೆಯಾಗಿ ಬಾಳಬಹುದು ಅನ್ನುವಲ್ಲಿಗೆ ಕಥೆ ನಿಲ್ಲುತ್ತದೆ. ಇಂಥ ಕೊನೆಗಾಗಿ ಥ್ಯಾಂಕ್ಸ್ ಹೇಳಿ ಓದುಗರು ಕಂತೆ ಕಂತೆ ಪತ್ರ ಬರೆದರು. ಹೈಸ್ಮಿತ್ ಮಾತ್ರ ಪುಸ್ತಕ ತನ್ನದೆಂದು ಬಹಿರಂಗವಾಗಿ ಒಪ್ಪಿಕೊಂಡಿದ್ದು 1990ರ ಹೊತ್ತಿಗೆ. ಕೇಟ್ ಬ್ಲ್ಯಾಂಚೆಟ್ ನಟಿಸಿದ 2015ರ ‘ಕ್ಯಾರೊಲ್’ ಇದೇ ಕಥೆ.

ಆ ಕಾಲದ ಅಗ್ಗದ ಪುಸ್ತಕಗಳ ಮುಖಪುಟ ನೋಡಿದರೆ ಅವು ಯಾರಿಗಾಗಿ ಎಂದು ತಕ್ಷಣ ಗೊತ್ತಾಗುತ್ತದೆ. ಅರೆಬಟ್ಟೆಯ ಇಬ್ಬರು ಹೆಂಗಸರು, ಪಾಪದ ಬಗ್ಗೆ ಒಂದು ಅಡಿಬರಹ. ಗಂಡಸರ ಜೇಬಿಗೆ ಹಾಕಿದ ಗಾಳ. ಆದರೆ ಔಷಧಿ ಅಂಗಡಿಯ, ಬಸ್ ನಿಲ್ದಾಣದ ಸ್ಟ್ಯಾಂಡಿನಿಂದ ಅದೇ ಪುಸ್ತಕವನ್ನು ಎದೆ ಡವಡವ ಅನ್ನುತ್ತಾ ಕೊಂಡು, ಹಾಸಿಗೆ ಕೆಳಗೆ ಬಚ್ಚಿಟ್ಟು ಓದಿದ ಹೆಂಗಸರೂ ಇದ್ದರು. ಕೊನೆಯ ಪುಟವನ್ನು ಹರಿದು ಎಸೆದರೂ ಉಳಿದ ಪುಟಗಳು ತಮ್ಮದೇ ಎಂದು ಅವರಿಗೆ ಅನ್ನಿಸಿರಬೇಕು.

ಯಾರ ಕಣ್ಣಿಗೆ?

ಇದು ಎರಡನೆಯ ಪ್ರಶ್ನೆ. 1975ರಲ್ಲಿ ಚಿತ್ರ ವಿಮರ್ಶಕಿ ಲಾರಾ ಮಲ್ವಿ ‘ಗಂಡುನೋಟ’ದ ಬಗ್ಗೆ ಬರೆದರು. ಸರಳವಾಗಿ ಹೇಳುವುದಾದರೆ, ಕ್ಯಾಮೆರಾ ಗಂಡಸಿನ ಕಣ್ಣಾಗಿ ಕೆಲಸ ಮಾಡುತ್ತದೆ, ಹೆಣ್ಣು ನೋಡಿಸಿಕೊಳ್ಳಲು ಇರುತ್ತಾಳೆ. ಇಬ್ಬರು ಹೆಂಗಸರ ಪ್ರೀತಿಯ ಕಥೆಯಲ್ಲಿ ಇದು ವಿಚಿತ್ರವಾಗುತ್ತದೆ. ಕಥೆಯಲ್ಲಿ ಗಂಡಸಿಗೆ ಜಾಗವೇ ಇಲ್ಲ, ಆದರೆ ದೃಶ್ಯ ಅವನಿಗಾಗಿಯೇ ಸಿದ್ಧವಾಗಿರುತ್ತದೆ.

ಪಾಪ್ ಸಂಗೀತದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ರಷ್ಯಾದ ಟಾಟು ಜೋಡಿ. 2002ರಲ್ಲಿ ಶಾಲಾ ಯೂನಿಫಾರ್ಮ್ ತೊಟ್ಟ ಇಬ್ಬರು ಹುಡುಗಿಯರು ಮಳೆಯಲ್ಲಿ ಮುತ್ತಿಡುವ ವಿಡಿಯೊ ಪ್ರಪಂಚವೆಲ್ಲ ಸುತ್ತಿತು. ಅವರಿಬ್ಬರೂ ಪ್ರೇಮಿಗಳಲ್ಲ, ಇದು ಗಂಡಸು ಮ್ಯಾನೇಜರ್ ಹೆಣೆದ ವೇಷ ಎಂದು ಆಮೇಲೆ ಬಯಲಾಯಿತು. ಹಾಗಂತ ಆ ಹಾಡು ಕೇಳಿ ‘ಅಯ್ಯೋ, ನನ್ನ ಹಾಗೆ ಇನ್ನೊಬ್ಬಳಿದ್ದಾಳೆ’ ಅಂದುಕೊಂಡ ಹುಡುಗಿಯ ಭಾವನೆ ಸುಳ್ಳಾಗುವುದಿಲ್ಲ. ಪೇಪರ್‌ಬ್ಯಾಕ್ ಕಥೆಯೇ ಮತ್ತೊಮ್ಮೆ.

ಗಂಭೀರ ಸಿನಿಮಾ ಇದರಿಂದ ಪಾರಾಗಿದೆ ಅನ್ನಬೇಡಿ. 2013ರಲ್ಲಿ ‘ಬ್ಲೂ ಈಸ್ ದಿ ವಾರ್ಮೆಸ್ಟ್ ಕಲರ್’ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದಿತು. ಪ್ರಶಸ್ತಿಯನ್ನು ನಿರ್ದೇಶಕರ ಜೊತೆ ಇಬ್ಬರು ನಟಿಯರಿಗೂ ಕೊಟ್ಟರು, ಅದು ಅಪರೂಪ. ಆದರೆ ಮೂಲ ಚಿತ್ರಕಾದಂಬರಿ ಬರೆದ ಮಾರೋ ಅವರೇ ಉದ್ದುದ್ದ ಹಾಸಿಗೆ ದೃಶ್ಯಗಳು ಸಹಜವಾಗಿಲ್ಲ ಎಂದು ಟೀಕಿಸಿದರು. ಆ ಸೆಟ್ಟಿನಲ್ಲಿ ಇಲ್ಲದೆ ಹೋದವರು ಲೆಸ್ಬಿಯನ್ನರೇ ಎಂಬುದು ಅವರ ಮಾತಿನ ಸಾರ.

ಅದಕ್ಕೆ ಉತ್ತರದಂತೆ ಕಾಣುವುದು ಸೆಲೀನ್ ಸಿಯಾಮಾ ಅವರ 2019ರ ‘ಪೋರ್ಟ್ರೇಟ್ ಆಫ್ ಎ ಲೇಡಿ ಆನ್ ಫೈರ್’. 18ನೇ ಶತಮಾನದ ಫ್ರಾನ್ಸ್. ಮದುವೆಗೆ ಗೊತ್ತಾದ ಹುಡುಗಿಯ ಚಿತ್ರ ಬರೆಯಲು ಒಬ್ಬ ಚಿತ್ರಕಾರ್ತಿ ಬರುತ್ತಾಳೆ. ನೋಡುವುದೇ ಅವಳ ಕೆಲಸ. ಒಂದು ಹಂತದಲ್ಲಿ, ನೀನು ನನ್ನನ್ನು ನೋಡುತ್ತಿರುವಷ್ಟೂ ಹೊತ್ತು ನಾನೂ ನಿನ್ನನ್ನೇ ನೋಡುತ್ತಿದ್ದೆ ಎಂದು ಕೂತ ಹುಡುಗಿ ತೋರಿಸಿಕೊಡುತ್ತಾಳೆ. ಅಲ್ಲಿಂದ ಮುಂದೆ ಬರೆಯುವವಳು, ಬರೆಸಿಕೊಳ್ಳುವವಳು ಎಂಬ ಭೇದ ಉಳಿಯುವುದಿಲ್ಲ. ಇದರ ಕೊನೆ ಅಗಲಿಕೆ. ಆದರೂ ಇದು ಶಿಕ್ಷೆಯ ಕೊನೆಯಲ್ಲ. ಅಗಲಿದವರ ಬಳಿ ನೆನಪು ಪೂರ್ತಿಯಾಗಿ ಉಳಿಯುತ್ತದೆ. ದುಃಖದ ಕೊನೆ ಎಲ್ಲವೂ ಒಂದೇ ಅಲ್ಲ ಎಂದು ತಿಳಿಯಲು ಈ ಚಿತ್ರ ಸಾಕು.

‘ಗೆಳತಿಯರು’

ತೋರಿಸುವುದೂ ಬೇಡ, ಕೊಲ್ಲುವುದೂ ಬೇಡ ಅಂದರೆ ಇನ್ನೊಂದು ಉಪಾಯ ಇದೆ. ಅವರನ್ನು ಗೆಳತಿಯರು ಅಂದುಬಿಡುವುದು.

ಜಪಾನಿನ ‘ಸೇಲರ್ ಮೂನ್’ ಕಾರ್ಟೂನಿನಲ್ಲಿ ಯುರೇನಸ್ ಮತ್ತು ನೆಪ್ಚೂನ್ ಎಂಬ ಇಬ್ಬರು ನಾಯಕಿಯರು ಪ್ರೇಮಿಗಳು. ಅಮೆರಿಕಕ್ಕೆ ಡಬ್ ಮಾಡುವಾಗ ಅವರನ್ನು ಸೋದರಸಂಬಂಧಿಗಳನ್ನಾಗಿ ಮಾಡಿದರು. ಮಾತು ಬದಲಾಯಿತು, ಚಿತ್ರ ಹಾಗೇ ಉಳಿಯಿತು. ಹೀಗಾಗಿ ತೆರೆಯ ಮೇಲೆ ಇಬ್ಬರು ಕಸಿನ್‌ಗಳು ಒಬ್ಬರಿಗೊಬ್ಬರು ಕಣ್ಣು ಹೊಡೆಯುತ್ತಾ, ಕೈಕೈ ಹಿಡಿದು ಓಡಾಡಿದರು. ಮುಜುಗರ ತಪ್ಪಿಸಲು ಹೋಗಿ ಇನ್ನೂ ದೊಡ್ಡ ಮುಜುಗರ ತಂದುಕೊಂಡಂತಾಯಿತು.

ಜಪಾನಿನದ್ದೇ ಇನ್ನೊಂದು ಹಳೆಯ ಸಂಗತಿ ಹೇಳಲೇಬೇಕು. 20ನೇ ಶತಮಾನದ ಆರಂಭದಲ್ಲಿ ಅಲ್ಲಿ ‘ಕ್ಲಾಸ್ ಎಸ್’ ಎಂಬ ಕಥೆಗಳು ಬಂದವು. ಹುಡುಗಿಯರ ಶಾಲೆಯಲ್ಲಿ ಹಿರಿಯಳು ಕಿರಿಯಳ ನಡುವಿನ ಗಾಢ ಒಲವು ಅವುಗಳ ವಿಷಯ. ಸಮಾಜ ಇದನ್ನು ಸಹಿಸಿಕೊಂಡಿತು. ಯಾಕೆಂದರೆ ಓದು ಮುಗಿದರೆ ಒಲವೂ ಮುಗಿದು, ಮದುವೆ ಆಗುತ್ತದೆ ಎಂಬ ನಂಬಿಕೆ. ಇಲ್ಲಿ ಸಾವಿನ ಜಾಗದಲ್ಲಿ ಶಾಲೆಯ ಬೀಳ್ಕೊಡುಗೆ ಬಂದು ಕೂತಿದೆ. ಈ ಕಥೆಗಳ ದೊಡ್ಡ ಹೆಸರು ಯೊಶಿಯಾ ನೊಬುಕೊ. ಆಕೆ ಮಾತ್ರ ತನ್ನ ಬದುಕನ್ನು ಅಲ್ಲಿಗೆ ಮುಗಿಸಲಿಲ್ಲ. ಸಂಗಾತಿ ಮೊನ್ಮಾ ಚಿಯೊ ಜೊತೆ ದಶಕಗಟ್ಟಲೆ ಬಾಳಿದರು. ಮದುವೆಗೆ ಕಾನೂನಿನಲ್ಲಿ ಅವಕಾಶ ಇರಲಿಲ್ಲ. ಅದಕ್ಕೆ 1957ರಲ್ಲಿ ಚಿಯೊ ಅವರನ್ನು ದತ್ತು ಪಡೆದು ಕುಟುಂಬವಾದರು. ಆ ಸಾಹಿತ್ಯದ ಮೊಮ್ಮಗಳು ಅನ್ನಬಹುದಾದದ್ದು ಇವತ್ತಿನ ‘ಯೂರಿ’ ಮಾಂಗಾ, ಅಂದರೆ ಹುಡುಗಿಯರ ನಡುವಿನ ಪ್ರೀತಿಯ ಜಪಾನಿ ಕಾಮಿಕ್. ‘ಯೂರಿ’ ಅಂದರೆ ಲಿಲಿ ಹೂವು.

1990ರ ದಶಕದ ಟಿವಿಯಲ್ಲಿ ‘ಝೀನಾ’ ಇದೇ ಆಟವನ್ನು ಗೊತ್ತಿದ್ದೇ ಆಡಿತು. ಯೋಧೆ ಝೀನಾ ಮತ್ತು ಅವಳ ಸಂಗಾತಿ ಗೇಬ್ರಿಯಲ್ ಪ್ರೇಮಿಗಳೋ ಅಲ್ಲವೋ ಎಂದು ಆರು ವರ್ಷ ಹೇಳದೆ ಉಳಿಸಿಕೊಂಡಿತು. ಅಭಿಮಾನಿಗಳು ಅರ್ಥ ಮಾಡಿಕೊಂಡರು, ಬೇಡದವರು ಮಾಡಿಕೊಳ್ಳಲಿಲ್ಲ. ಈಗ ಇಂಥದ್ದಕ್ಕೆ ‘ಕ್ವೀರ್‌ಬೇಟಿಂಗ್’ ಎಂಬ ಬೈಗುಳ ಇದೆ. ಆಸೆ ತೋರಿಸಿ ಪ್ರೇಕ್ಷಕರನ್ನು ಹಿಡಿದಿಡುವುದು, ಕೊಡುವುದು ಮಾತ್ರ ಏನೂ ಇಲ್ಲ. ಝೀನಾಗೆ ಆ ಬೈಗುಳ ಸಲ್ಲುವುದಿಲ್ಲ ಅಂತ ನನ್ನ ಅಭಿಪ್ರಾಯ. ಆಗ ಬಾಯಿ ಬಿಡುವುದು ಸುಲಭ ಇರಲಿಲ್ಲ. ಇವತ್ತು ಅದೇ ಆಟ ಆಡುವವರಿಗೆ ಆ ನೆಪ ಇಲ್ಲ. ಅಂದಹಾಗೆ ಝೀನಾ ಕೂಡ ಕೊನೆಯ ಕಂತಿನಲ್ಲಿ ಸಾಯುತ್ತಾಳೆ.

ಕಾಮಿಕ್ ಬರೆಯುತ್ತಿದ್ದ ಆಲಿಸನ್ ಬೆಕ್ಡೆಲ್ 1985ರಲ್ಲಿ ಒಂದು ತಮಾಷೆಯ ಚಿತ್ರಪಟ್ಟಿ ಬರೆದರು. ಅದರಲ್ಲಿ ಒಬ್ಬಳು, ಇಬ್ಬರು ಹೆಂಗಸರಿದ್ದು, ಅವರು ಪರಸ್ಪರ ಮಾತಾಡಿ, ಆ ಮಾತು ಗಂಡಸಿನ ಬಗ್ಗೆ ಅಲ್ಲದಿದ್ದರೆ ಮಾತ್ರ ತಾನು ಸಿನಿಮಾಕ್ಕೆ ಹೋಗುವುದು ಅನ್ನುತ್ತಾಳೆ. ಬೆಕ್ಡೆಲ್ ಪರೀಕ್ಷೆ ಎಂದು ಈಗ ಜಗತ್ತೇ ಅದನ್ನು ಬಳಸುತ್ತದೆ. ಅದು ಲೆಸ್ಬಿಯನ್ನರ ಬಗೆಗಿನ ಕಾಮಿಕ್‌ನಲ್ಲಿ ಹುಟ್ಟಿದ್ದು ಎಂಬುದು ಬಹಳ ಜನಕ್ಕೆ ಮರೆತೇ ಹೋಗಿದೆ. ಗಂಡಸಿನ ವಿಷಯವೇ ಬಾರದ ಮಾತು ತೆರೆಯ ಮೇಲೆ ಬಂದರೆ ತಾನೇ, ಮುಂದೆ ಪ್ರೀತಿಯ ಮಾತು ಬರುವುದು?

ರೇಟಿಂಗ್ ಮುತ್ತು, ದಾರಿ ತಪ್ಪಿದ ಗುಂಡು

ಅಮೆರಿಕದ ಟಿವಿಯಲ್ಲಿ ವರ್ಷಕ್ಕೆ ಕೆಲವು ತಿಂಗಳು ವೀಕ್ಷಕರ ಲೆಕ್ಕ ಜೋರಾಗಿ ನಡೆಯುತ್ತಿತ್ತು. ಜಾಹೀರಾತಿನ ದರ ಆ ಲೆಕ್ಕದ ಮೇಲೆ ನಿಲ್ಲುತ್ತಿತ್ತು. ಫೆಬ್ರವರಿ ಅಂಥ ಒಂದು ತಿಂಗಳು. 1991ರ ಫೆಬ್ರವರಿಯಲ್ಲಿ ‘ಎಲ್.ಎ. ಲಾ’ ಧಾರಾವಾಹಿಯಲ್ಲಿ ಇಬ್ಬರು ವಕೀಲೆಯರು ಮುತ್ತಿಟ್ಟುಕೊಂಡರು. ಸುದ್ದಿಯಾಯಿತು. ಆಮೇಲೆ ಇದು ಒಂದು ಸೂತ್ರವೇ ಆಯಿತು: ಲೆಕ್ಕದ ತಿಂಗಳಲ್ಲಿ ಒಂದು ಮುತ್ತು, ಮುಂದಿನ ಕಂತುಗಳಲ್ಲಿ ಆ ಪಾತ್ರ ಪತ್ತೆ ಇಲ್ಲ.

ಎಲೆನ್ ಡಿಜೆನರಸ್ ಈ ಸೂತ್ರ ಮುರಿದರು. 1997ರ ಏಪ್ರಿಲ್ 30ರಂದು ಅವರ ಹಾಸ್ಯ ಧಾರಾವಾಹಿಯ ನಾಯಕಿ ತಾನು ಸಲಿಂಗಪ್ರೇಮಿ ಎಂದು ಹೇಳಿಕೊಂಡಳು. ಅದೇ ಹೊತ್ತಿಗೆ ಎಲೆನ್ ಸ್ವತಃ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಅದನ್ನೇ ಹೇಳಿದರು. ಸುಮಾರು 4 ಕೋಟಿ 20 ಲಕ್ಷ ಜನ ಆ ಕಂತು ನೋಡಿದರು. ಅತಿಥಿಯಾಗಿ ಬಂದು ಹೋಗುವ ಪಾತ್ರ ಅಲ್ಲ, ಮುಖ್ಯ ಪಾತ್ರವೇ. ಮುಂದಿನ ವರ್ಷ, 1998ರಲ್ಲಿ, ಧಾರಾವಾಹಿ ನಿಂತಿತು. 2004ರಲ್ಲಿ ‘ದಿ ಎಲ್ ವರ್ಡ್’ ಧಾರಾವಾಹಿ ಬರುವ ಹೊತ್ತಿಗೆ ಲೆಸ್ಬಿಯನ್ ಗೆಳತಿಯರ ಒಂದಿಡೀ ಬಳಗವೇ ತೆರೆಯ ಮೇಲಿತ್ತು. ಬಳಗ ಇದ್ದರೆ ಏನು ಲಾಭ ಅಂದರೆ, ಒಬ್ಬಳು ಕೆಟ್ಟವಳಾಗಬಹುದು, ಒಬ್ಬಳು ಪೆದ್ದಿಯಾಗಬಹುದು, ಒಬ್ಬಳು ಸಾಯಲೂಬಹುದು. ಎಲ್ಲರ ಭಾರ ಒಬ್ಬಳ ತಲೆ ಮೇಲೆ ಬೀಳುವುದಿಲ್ಲ.

ಒಬ್ಬಳೇ ಇದ್ದಾಗಿನ ಕಥೆ ಬೇರೆ. 2002ರಲ್ಲಿ ‘ಬಫಿ’ ಧಾರಾವಾಹಿಯ ಟಾರಾ, ಮುನಿಸು ಮುಗಿದು ಪ್ರೇಯಸಿ ವಿಲೋ ಜೊತೆ ಮತ್ತೆ ಒಂದಾದ ಕೂಡಲೇ ಕಿಟಕಿಯಿಂದ ಬಂದ ಗುಂಡಿಗೆ ಸತ್ತಳು. ಗುಂಡು ಹಾರಿಸಿದ್ದು ಬೇರೆಯವಳ ಮೇಲೆ. 2016ರ ಮಾರ್ಚ್‌ನಲ್ಲಿ ‘ದಿ 100’ ಧಾರಾವಾಹಿಯ ಲೆಕ್ಸಾ, ಪ್ರೇಯಸಿ ಕ್ಲಾರ್ಕ್ ಜೊತೆ ಕೊನೆಗೂ ಒಂದಾದ ಕೆಲವೇ ನಿಮಿಷದಲ್ಲಿ ಗುಂಡಿಗೆ ಸತ್ತಳು. ಅದೂ ಬೇರೆಯವಳಿಗೆ ಇಟ್ಟ ಗುರಿಯೇ. ಹದಿನಾಲ್ಕು ವರ್ಷದ ಅಂತರ, ಅದೇ ದಾರಿ ತಪ್ಪಿದ ಗುಂಡು, ಅದೇ ಸುಖದ ಮರುಗಳಿಗೆ.

ಬರೆದವರು ಬೇಕೆಂದೇ ಶಿಕ್ಷೆ ಕೊಟ್ಟರು ಅನ್ನಲಾಗದು. ಲೆಕ್ಸಾ ಮಾಡಿದ ನಟಿಗೆ ಬೇರೆ ಧಾರಾವಾಹಿಯ ಒಪ್ಪಂದ ಇತ್ತು, ಪಾತ್ರವನ್ನು ಹೇಗಾದರೂ ಕಳಿಸಬೇಕಿತ್ತು. ಆದರೆ ಹೇಗೆ ಕಳಿಸೋಣ ಅಂದಾಗ ಕೈ ತಾನಾಗಿ ಹೋಗಿದ್ದು ಆ ಹಳೆಯ ಅಚ್ಚಿಗೇ. 1952ರ ಅಂಚೆ ಶರತ್ತು ಯಾರಿಗೂ ನೆನಪಿರಲಿಲ್ಲ, ಅದರ ಅಭ್ಯಾಸ ಮಾತ್ರ ಉಳಿದಿತ್ತು. ಈ ಸಲ ಅಭಿಮಾನಿಗಳು ಸುಮ್ಮನಿರಲಿಲ್ಲ. ಆನ್‌ಲೈನಿನಲ್ಲಿ ಗಲಾಟೆ ಎಬ್ಬಿಸಿದರು. ಆತ್ಮಹತ್ಯೆ ತಡೆಯುವ ಕೆಲಸ ಮಾಡುವ ಟ್ರೆವರ್ ಪ್ರಾಜೆಕ್ಟ್‌ಗೆ ಹಣ ಸಂಗ್ರಹಿಸಿದರು. ನಿರ್ಮಾಪಕರು ಕ್ಷಮೆ ಕೇಳಿದರು. ‘ಬರಿ ಯುವರ್ ಗೇಸ್’, ಅಂದರೆ ಸಲಿಂಗಪ್ರೇಮಿ ಪಾತ್ರವನ್ನು ಹೂತುಬಿಡುವ ಚಾಳಿ, ಎಲ್ಲರ ಬಾಯಲ್ಲೂ ಓಡಾಡಿತು. ಆದರೂ 2022ರಲ್ಲಿ ‘ಕಿಲ್ಲಿಂಗ್ ಈವ್’ ಧಾರಾವಾಹಿ ಮುಗಿದಾಗ ನಾಯಕಿ ಈವ್‌ಳ ಪ್ರೇಯಸಿ ವಿಲನೆಲ್ ಸತ್ತಿದ್ದು ಗುಂಡಿಗೇ.

ಕಥೆಯಲ್ಲಿ ಯಾರೂ ಸಾಯಲೇಬಾರದಾ ಅಂತ ಕೇಳುವವರಿದ್ದಾರೆ. ಸಾಯಲಿ. ಇಪ್ಪತ್ತು ಪಾತ್ರಗಳಲ್ಲಿ ಒಂದು ಸತ್ತರೆ ಅದು ಕಥೆ. ಇರುವ ಒಬ್ಬಳೇ ಪ್ರತಿ ಸಲ ಸತ್ತರೆ ನೋಡುವ ಹದಿನಾರರ ಹುಡುಗಿ ಅದನ್ನು ಕಥೆ ಅಂದುಕೊಳ್ಳುವುದಿಲ್ಲ, ಜಾತಕ ಅಂದುಕೊಳ್ಳುತ್ತಾಳೆ.

ಲೆಕ್ಸಾ ಸತ್ತ ವರ್ಷವೇ ‘ಬ್ಲ್ಯಾಕ್ ಮಿರರ್’ ಸರಣಿಯ ‘ಸ್ಯಾನ್ ಜುನಿಪೆರೊ’ ಬಂತು. ಬಹುಪಾಲು ಕಥೆಗಳು ಕತ್ತಲಲ್ಲಿ ಮುಗಿಯುವ ಆ ಸರಣಿಯಲ್ಲಿ ಇಬ್ಬರು ಹೆಂಗಸರು ಕಾರಿನಲ್ಲಿ ನಗುತ್ತಾ ಹೋಗುವಲ್ಲಿ ಕಥೆ ಮುಗಿಯಿತು. ಎಮ್ಮಿ ಪ್ರಶಸ್ತಿಯೂ ಬಂತು. ಸ್ವಲ್ಪ ಯೋಚಿಸಿ ನೋಡಿದರೆ ಅವರಿಬ್ಬರೂ ಸತ್ತಿದ್ದಾರೆ, ಸುಖವಾಗಿರುವುದು ಕಂಪ್ಯೂಟರಿನೊಳಗಿನ ಊರಿನಲ್ಲಿ. ಇರಲಿ, ಅಷ್ಟಾದರೂ ಆಯಿತಲ್ಲ.

ಕೊನೆ ಬದಲಾದರೆ ಯಾರಿಗೆ ತೊಂದರೆ ಎಂದು ತಿಳಿಯಲು ಇನ್ನೆರಡು ಚಿತ್ರ. ದೀಪಾ ಮೆಹ್ತಾ ಅವರ ‘ಫೈರ್’ 1996ರದ್ದು. ಒಂದೇ ಮನೆಯ ಇಬ್ಬರು ಸೊಸೆಯರು, ಶಬಾನಾ ಆಜ್ಮಿ ಮತ್ತು ನಂದಿತಾ ದಾಸ್. ಸೆನ್ಸಾರ್ ಮಂಡಳಿ ಕತ್ತರಿ ಹಾಕದೆ ಬಿಟ್ಟಿತ್ತು. 1998ರ ಡಿಸೆಂಬರಿನಲ್ಲಿ ಮುಂಬಯಿ, ದೆಹಲಿಯ ಚಿತ್ರಮಂದಿರಗಳ ಮೇಲೆ ದಾಳಿಯಾಯಿತು. ಚಿತ್ರ ಮತ್ತೆ ಮಂಡಳಿಗೆ ಹೋಗಿ, ಮತ್ತೆ ಕತ್ತರಿಯಿಲ್ಲದೆ ವಾಪಸ್ ಬಂತು. ಕೊನೆಯಲ್ಲಿ ಹಿರಿಯ ಸೊಸೆಯ ಸೀರೆಗೆ ಬೆಂಕಿ ಹತ್ತಿಕೊಳ್ಳುತ್ತದೆ. ಅಗ್ನಿಪರೀಕ್ಷೆಯ ಕಥೆ ಕೇಳಿ ಬೆಳೆದವರಿಗೆ ಇದು ಎಲ್ಲಿಗೆ ಹೋಗುತ್ತದೆ ಅನ್ನುವುದು ಗೊತ್ತು ಅನ್ನಿಸುತ್ತದೆ. ಆದರೆ ಅವಳು ಬದುಕುತ್ತಾಳೆ. ಮಳೆಯಲ್ಲಿ ದರ್ಗಾದಲ್ಲಿ ಕಾಯುತ್ತಿರುವ ಗೆಳತಿಯ ಬಳಿ ಬಂದು ಕೂರುತ್ತಾಳೆ.

ಇನ್ನೊಂದು ಕೀನ್ಯಾದ ‘ರಫೀಕಿ’, ನಿರ್ದೇಶಕಿ ವನೂರಿ ಕಹಿಯು. ಸ್ವಾಹಿಲಿಯಲ್ಲಿ ಆ ಪದದ ಅರ್ಥ ‘ಸ್ನೇಹಿತೆ’ ಅಥವಾ ‘ಸ್ನೇಹಿತ’. ಪ್ರೀತಿಸಿದವಳನ್ನು ಹಾಗೆಂದೇ ಪರಿಚಯಿಸಬೇಕಾದ ಊರಿನಲ್ಲಿ ಈ ಹೆಸರಿಗೆ ಬೇರೆಯದೇ ತೂಕ. 2018ರಲ್ಲಿ ಕಾನ್ ಉತ್ಸವಕ್ಕೆ ಹೋದ ಮೊದಲ ಕೀನ್ಯಾ ಚಿತ್ರ ಅದು. ತವರಿನಲ್ಲಿ ಮಾತ್ರ ನಿಷೇಧ. ಅಲ್ಲಿನ ಚಲನಚಿತ್ರ ಮಂಡಳಿಗೆ ಕೊನೆಯೇ ಸರಿಬರಲಿಲ್ಲ. ಅದು ತುಂಬಾ ಭರವಸೆಯಿಂದ ಕೂಡಿದೆ, ನಾಯಕಿಗೆ ಪಶ್ಚಾತ್ತಾಪ ಆದಂತೆ ಬದಲಿಸಿ ಎಂದು ಕೇಳಿದರು. ಕಹಿಯು ಬದಲಿಸಲಿಲ್ಲ, ಕೋರ್ಟಿಗೆ ಹೋದರು. ಆ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶೆಯೊಬ್ಬರು ಏಳು ದಿನದ ಮಟ್ಟಿಗೆ ನಿಷೇಧ ತೆರವು ಮಾಡಿದರು. ನೈರೋಬಿಯ ಚಿತ್ರಮಂದಿರ ತುಂಬಿತು.

ಏಳು ದಿನ ಅವರು ನೋಡಿದ ಕೊನೆ ಇಷ್ಟೇ. ಊರು ಬಿಟ್ಟು ಹೋಗಿದ್ದ ಪ್ರೇಯಸಿ ಎಷ್ಟೋ ವರ್ಷದ ಮೇಲೆ ವಾಪಸ್ ಬಂದಿದ್ದಾಳೆ. ನಾಯಕಿ ಕೆನಾ ಒಬ್ಬಳೇ ನಿಂತಿದ್ದಾಳೆ. ಹಿಂದಿನಿಂದ ಒಂದು ಕೈ ಬಂದು ಅವಳ ಹೆಗಲ ಮೇಲೆ ಕೂರುತ್ತದೆ. ಅವಳು ತಿರುಗಿ ನೋಡುತ್ತಾಳೆ, ನಗುತ್ತಾಳೆ.